ಯಹೂದಿನೂ ಹೌದು, ಕ್ರಿಶ್ಚಿಯನ್ನೂ ಹೌದು ಅನ್ನೋಕೆ ಆಗುತ್ತಾ? ನೀವೇ ಯೋಚಿಸಿ ತೀರ್ಮಾನಕ್ಕೆ ಬರೋದು ಹೇಗೆ

ಶಿವಮೊಗ್ಗ ಕಡೆ ಯೂತ್ ಗ್ರೂಪಿಗೆ ಬೈಬಲ್ ಕ್ಲಾಸ್ ತಗೊಳ್ಳೋವಾಗ ಇತ್ತೀಚೆಗೆ ಹುಡುಗ್ರು ಕೇಳೋ ಪ್ರಶ್ನೆಗಳಲ್ಲಿ ಇದೂ ಒಂದು, ಯೇಸುನ ನಂಬ್ಕೊಂಡೇ ಯಹೂದಿ ಆಗಿರೋಕೆ ಆಗುತ್ತಾ ಅಂತ. ಮೊಬೈಲಲ್ಲಿ ಟಗರಿನ ಕೊಂಬು ಊದೋದು, ಹೆಗಲ ಮೇಲೆ ಪ್ರಾರ್ಥನೆ ಶಾಲು ಹಾಕ್ಕೊಂಡು ಹೀಬ್ರೂ ಹಾಡು ಹೇಳೋದು ಎಲ್ಲಾ ನೋಡಿರ್ತಾರೆ, ಯೇಸುನೂ ಯಹೂದಿನೇ ಅಲ್ವಾ ಅಂತ ಗೊತ್ತಿರುತ್ತೆ, ಹಂಗಾಗಿ ಹೌದೋ ಅಲ್ವೋ ಒಂದೇ ಮಾತಲ್ಲಿ ಹೇಳಿ ಅಂತ ಕೂರ್ತಾರೆ. ಒಂದೇ ಮಾತಲ್ಲಿ ಹೇಳಿದ್ರೆ ಯಾರಿಗಾದ್ರೂ ಅನ್ಯಾಯ ಆಗೇ ಆಗುತ್ತೆ.

ನನ್ನ ಅಭಿಪ್ರಾಯ ಮೊದ್ಲೇ ಹೇಳ್ಬಿಡ್ತೀನಿ. ಹುಟ್ಟಿನಿಂದ ಯಹೂದಿ ಆದೋರು ಕ್ರಿಸ್ತನ ನಂಬಿಕೆಗೆ ಬರಬಹುದು, ಎಷ್ಟೋ ಜನ ಬಂದಿದಾರೆ, ಅವರ ಹುಟ್ಟನ್ನ ಅವರಿಂದ ಯಾರೂ ಕಿತ್ಕೊಳ್ಳೋಕೆ ಆಗಲ್ಲ. ಆದ್ರೆ ನಂಬಿಕೆ ಅಂತ ಬಂದಾಗ ಇವತ್ತಿನ ಎರಡು ಧರ್ಮಗಳನ್ನ ಒಬ್ಬರೇ ಪೂರ್ತಿ ಹಿಡ್ಕೊಳ್ಳೋಕೆ ಆಗಲ್ಲ, ಯಾಕಂದ್ರೆ ಒಂದು ಕಡೆ ಒಂದು ಹೌದು ಅನ್ನೋದನ್ನ ಇನ್ನೊಂದು ಖಡಾಖಂಡಿತ ಇಲ್ಲ ಅನ್ನುತ್ತೆ. ಆ ಜಾಗ ಯಾವುದು ಅಂತ ನೀವೇ ಹುಡುಕ್ಕೊಂಡ್ರೆ ನನ್ನ ಮಾತನ್ನ ಸುಮ್ನೆ ನಂಬಬೇಕಾಗಿಲ್ಲ. ಹುಡುಕೋ ದಾರಿ ಹೇಳ್ತೀನಿ.

ಮೊದ್ಲು, ಯಾರ ಬಗ್ಗೆ ಕೇಳ್ತಿದೀರಿ ಅಂತ ಗಟ್ಟಿ ಮಾಡ್ಕೊಳ್ಳಿ

ಯಹೂದಿತನ ಅನ್ನೋದು ಬರೀ ನಂಬಿಕೆ ಅಲ್ಲ, ಅದು ಒಂದು ಜನಾಂಗಕ್ಕೆ ಸೇರೋದೂ ಹೌದು. ಅವರ ಧರ್ಮಶಾಸ್ತ್ರದ ಪ್ರಕಾರ ಯಹೂದಿ ತಾಯಿಗೆ ಹುಟ್ಟಿದ ಮಗು ಯಹೂದಿ, ಇಲ್ಲಾಂದ್ರೆ ಸರಿಯಾದ ಕ್ರಮದಲ್ಲಿ ಮತಾಂತರ ಆದೋರು ಯಹೂದಿ. ಅಮೆರಿಕದ ರಿಫಾರ್ಮ್ ಅನ್ನೋ ಉದಾರವಾದಿ ಯಹೂದಿ ಪಂಗಡದವರು 1983ರಿಂದ ತಂದೆ ಯಹೂದಿಯಾಗಿದ್ದು ಮಗು ಯಹೂದಿಯಾಗೇ ಬೆಳೆದಿದ್ರೆ ಅದನ್ನೂ ಒಪ್ಕೊಳ್ತಾರೆ. ಹಿಂಗೆ ಹುಟ್ಟಿದ ಮನುಷ್ಯ ಧರ್ಮ ಬಿಟ್ರೂ, ಬೇರೆ ದೇವರನ್ನ ಪೂಜಿಸಿದ್ರೂ ಯಹೂದಿನೇ. ಯಹೂದಿ ಗುರುಗಳ ಚರ್ಚೆಗಳ ಹಳೇ ಗ್ರಂಥ ತಾಲ್ಮೂದಲ್ಲಿ ಒಂದು ಮಾತಿದೆ, ಪಾಪ ಮಾಡಿದ್ರೂ ಅವನು ಇಸ್ರಾಯೇಲ್ಯನೇ ಅಂತ. ಆದ್ರೆ ಅದನ್ನ ಅರ್ಧ ಓದಬಾರ್ದು. ಅವನು ಮಾಡಿದ್ದು ಸರಿ ಅಂತ ಅದರ ಅರ್ಥ ಅಲ್ಲ, ದಾರಿ ತಪ್ಪಿದ ಯಹೂದಿ ಅಂತಾನೇ ಅರ್ಥ. ಮನೆ ಬಾಗಿಲು ಹಾಕಲ್ಲ, ಆದ್ರೆ ಮಾಡಿದ್ದನ್ನ ಒಪ್ಪೋದೂ ಇಲ್ಲ.

ಕ್ರಿಶ್ಚಿಯನ್ ಆಗೋದು ಹಂಗಲ್ಲ. ಕ್ರೈಸ್ತ ಅಪ್ಪ ಅಮ್ಮಂಗೆ ಹುಟ್ಟಿದ ಮಾತ್ರಕ್ಕೆ ಯಾರೂ ಕ್ರಿಶ್ಚಿಯನ್ ಆಗಲ್ಲ, ದೀಕ್ಷಾಸ್ನಾನ ಬೇಕು, ನಂಬಿಕೆ ಬೇಕು. ಒಂದು ಕಡೆ ಹುಟ್ಟು, ಇನ್ನೊಂದು ಕಡೆ ನಂಬಿಕೆ, ಹಿಂಗೆ ಎರಡಕ್ಕೂ ಅಳತೆ ಬೇರೆ ಬೇರೆ ಇರೋದ್ರಿಂದಾನೇ ಒಬ್ಬ ಮನುಷ್ಯ ಎರಡೂ ಹೌದು ಅಂತ ಹೇಳ್ಕೊಳ್ಳೋಕೆ ಜಾಗ ಸಿಗೋದು.

ಈಗ ನಮ್ಮ ಕಡೆಯವರ ವಿಷಯ. ಮಲೆನಾಡಲ್ಲಿರೋ ಕ್ರೈಸ್ತರು ಅಂದ್ರೆ ಮಂಗಳೂರು ಕಡೆಯಿಂದ ಘಟ್ಟ ಹತ್ತಿ ಬಂದ ಕೊಂಕಣಿ ಕ್ಯಾಥೊಲಿಕರು, ಕೇರಳದಿಂದ ಬಂದು ತೋಟ ಮಾಡಿದೋರು, ಸಿಎಸ್ಐ ಸಭೆಯವರು, ಪೆಂಟೆಕೋಸ್ಟಲ್ ಪ್ರಾರ್ಥನಾ ಮಂದಿರದವರು. ನಮ್ಮಲ್ಲಿ ಯಹೂದಿ ತಾಯಿಗೆ ಹುಟ್ಟಿದೋರು ಸಿಗೋದು ಕಷ್ಟ. ಹಂಗಾಗಿ ನಮ್ಮ ಹುಡುಗ್ರು ಕೇಳ್ತಿರೋದು ನಿಜವಾಗಿ ಬೇರೆ ಪ್ರಶ್ನೆ, ಕ್ರಿಶ್ಚಿಯನ್ ಆಗಿರೋ ನಾನು ಯೇಸುನ ಬಿಡದೇನೇ ಯಹೂದಿನೂ ಆಗಬಹುದಾ ಅಂತ. ಇದಕ್ಕೆ ಉತ್ತರ, ಆಗಲ್ಲ ಅಂತಾನೇ. ಯಹೂದಿ ಧರ್ಮಕ್ಕೆ ಸೇರಬೇಕಂದ್ರೆ ವರ್ಷಗಟ್ಟಲೆ ಓದಿ, ಮೂರು ಜನರ ಧರ್ಮಪೀಠದ ಮುಂದೆ ನಿಂತು, ಗಂಡಸಾದ್ರೆ ಸುನ್ನತಿ ಆಗಿ, ಶುದ್ಧಿಸ್ನಾನದ ಕೊಳದಲ್ಲಿ ಮುಳುಗಿ ಏಳಬೇಕು. ಯೇಸುನ ದೇವರು ಅಂತ ನಂಬ್ತೀನಿ ಅಂದ್ರೆ ರಬ್ಬಿಗಳು, ಅಂದ್ರೆ ಯಹೂದಿ ಧರ್ಮಗುರುಗಳು, ಅಲ್ಲೇ ನಿಲ್ಲಿಸ್ತಾರೆ.

ಇದಕ್ಕೆ ನಮ್ಮ ದೇಶದಲ್ಲೇ ಉದಾಹರಣೆ ಇದೆ. ಮಣಿಪುರ ಮಿಜೋರಾಂ ಕಡೆಯ ಬ್ನೇ ಮೆನಾಶೆ ಅನ್ನೋ ಜನ, ಮೊದ್ಲು ಕ್ರೈಸ್ತರಾಗಿದ್ದೋರು, ನಾವು ಇಸ್ರಾಯೇಲಿನ ಕಳೆದುಹೋದ ಹತ್ತು ಕುಲಗಳಲ್ಲಿ ಒಂದಾದ ಮನಸ್ಸೆ ಕುಲದೋರು ಅಂತ ನಂಬಿ ಯಹೂದಿ ಆಚಾರಕ್ಕೆ ತಿರುಗಿದ್ರು. 2005ರಲ್ಲಿ ಇಸ್ರೇಲಿನ ಸೆಫಾರ್ಡಿ (ಸ್ಪೇನ್ ಮೂಲದ ಸಂಪ್ರದಾಯದ) ಮುಖ್ಯ ರಬ್ಬಿ ಶ್ಲೋಮೋ ಅಮರ್ ಇವರು ಇಸ್ರಾಯೇಲಿನ ಸಂತತಿ ಅಂತ ಮಾನ್ಯ ಮಾಡಿದ್ರು, ಆದ್ರೂ ಪೂರ್ತಿ ಮತಾಂತರ ವಿಧಿ ಆಗಲೇಬೇಕು ಅಂದ್ರು. ಅವರು ಚರ್ಚ್ ಬಿಟ್ಟೇ ಹೋದ್ರು, ಎರಡು ಕಡೆ ಕಾಲಿಡ್ಲಿಲ್ಲ.

ಆಮೇಲೆ, ಒಡಕು ಎಲ್ಲಿ ಬಂತು ಅಂತ ಸರಿಯಾಗಿ ಗುರುತಿಸಿ

ಇಲ್ಲಿ ಸ್ವಲ್ಪ ನಿಧಾನ ಮಾಡಿ, ಬಹಳ ಜನ ತಪ್ಪು ಜಾಗಕ್ಕೆ ಬೆರಳು ಇಡ್ತಾರೆ. ಮೆಸ್ಸೀಯ, ಅಂದ್ರೆ ದೇವರು ಕಳಿಸ್ತೀನಿ ಅಂದ ರಕ್ಷಕ, ಬಂದಾಯ್ತು ಅಂತ ಕ್ರೈಸ್ತರು ಅಂತಾರೆ, ಇನ್ನೂ ಬಂದಿಲ್ಲ ಅಂತ ಯಹೂದಿಗಳು ಅಂತಾರೆ, ಅಷ್ಟೇ ವ್ಯತ್ಯಾಸ ಅಂದ್ಕೊಳ್ತಾರೆ. ಅಷ್ಟೇ ಆಗಿದ್ರೆ ಇದು ಮನೆಯೊಳಗಿನ ಜಗಳವಾಗೇ ಉಳೀತಿತ್ತು. ಕ್ರಿಸ್ತಶಕ 132ರಿಂದ 135ರವರೆಗೆ ರೋಮನ್ನರ ವಿರುದ್ಧ ದಂಗೆ ನಡೆಸಿದ ಬರ್ ಕೋಖ್ಬಾನೇ ಮೆಸ್ಸೀಯ ಅಂತ ಅಕೀವ ಅನ್ನೋ ದೊಡ್ಡ ರಬ್ಬಿ ಹೇಳಿದ್ದ, ದಂಗೆ ಸೋತು ಬರ್ ಕೋಖ್ಬಾ ಸತ್ತ, ಆದ್ರೂ ಅಕೀವ ಇವತ್ತಿಗೂ ಯಹೂದಿಗಳಿಗೆ ಪೂಜ್ಯ ಗುರು. ನಮ್ಮ ಕಾಲದಲ್ಲೇ ನ್ಯೂಯಾರ್ಕಿನ ಲುಬಾವಿಚ್ ಅನ್ನೋ ಯಹೂದಿ ಪಂಗಡದ ರಬ್ಬಿ 1994ರಲ್ಲಿ ತೀರ್ಕೊಂಡ ಮೇಲೂ ಅವರೇ ಮೆಸ್ಸೀಯ ಅನ್ನೋ ಶಿಷ್ಯರಿದಾರೆ, ಬೇರೆ ಯಹೂದಿಗಳು ಅವರನ್ನ ಗಟ್ಟಿಯಾಗಿ ಟೀಕಿಸ್ತಾರೆ ಹೊರತು ನೀವು ಬೇರೆ ಧರ್ಮದೋರು ಅನ್ನಲ್ಲ. ಹಂಗಂತ ಮೆಸ್ಸೀಯನ ವಿಷಯ ಸಣ್ಣದೇನಲ್ಲ, 12ನೇ ಶತಮಾನದ ಯಹೂದಿ ಪಂಡಿತ ಮೈಮೊನೈಡಿಸ್ ಸ್ಪಷ್ಟವಾಗಿ ಬರೆದಿದಾರೆ, ಮೆಸ್ಸೀಯ ಅನ್ನಿಸ್ಕೊಂಡೋನು ಕೆಲಸ ಮುಗಿಸದೇ ಕೊಲ್ಲಲ್ಪಟ್ರೆ ಟೋರಾ, ಅಂದ್ರೆ ಮೋಶೆಯ ಧರ್ಮಶಾಸ್ತ್ರ, ಬರ್ತಾನೆ ಅಂತ ಹೇಳಿದ ಮೆಸ್ಸೀಯ ಅವನಲ್ಲ ಅಂತ.

ನಿಜವಾಗಿ ಎರಡಾಗಿದ್ದು ಯೇಸು ಅನ್ನೋ ಮನುಷ್ಯನೇ ದೇವರು, ಅವನಿಗೇ ಪ್ರಾರ್ಥನೆ ಅಂದಾಗ. ಧರ್ಮೋಪದೇಶಕಾಂಡದ 6ನೇ ಅಧ್ಯಾಯ ತೆಗೀರಿ, ಇಸ್ರಾಯೇಲೇ ಕೇಳು, ನಮ್ಮ ದೇವರು ಒಬ್ಬನೇ ಅಂತ ಬರುತ್ತಲ್ಲ, ಅದನ್ನ ಯಹೂದಿಗಳು ಬೆಳಿಗ್ಗೆ ಸಂಜೆ ಹೇಳ್ತಾರೆ, ಸಾಯೋವಾಗ ಬಾಯಲ್ಲಿ ಅದೇ ಇರಬೇಕು ಅಂತ ಆಸೆ ಪಡ್ತಾರೆ. ದೇವರಿಗೆ ದೇಹ ಇಲ್ಲ, ರೂಪ ಇಲ್ಲ ಅನ್ನೋದು ಮೈಮೊನೈಡಿಸ್ ಹೇಳಿದ 13 ತತ್ವಗಳಲ್ಲಿ ಒಂದು. ನಾವು ಕ್ರೈಸ್ತರೂ ದೇವರು ಒಬ್ಬನೇ ಅಂತೀವಿ, ಮನಸಾರೆ ಅಂತೀವಿ, ಆದ್ರೆ ತಂದೆ ಮಗ ಪವಿತ್ರಾತ್ಮ ಅಂತೀವಿ, ಮಗ ಮನುಷ್ಯನಾಗಿ ಹುಟ್ಟಿದ ಅಂತೀವಿ, 325ರಲ್ಲಿ ನೈಸಿಯಾ ಸಭೆ ಕೂತು ಮಗನು ತಂದೆಯೊಂದಿಗೆ ಒಂದೇ ಸತ್ವದವನು ಅಂತ ಬರೆದಿಟ್ಟಿದ್ದನ್ನ ಇವತ್ತೂ ಚರ್ಚಲ್ಲಿ ಎದ್ದು ನಿಂತು ಹೇಳ್ತೀವಿ. ಇದರಲ್ಲಿ ಮಧ್ಯದ ದಾರಿ ನನಗೆ ಕಂಡಿಲ್ಲ. ಯೇಸು ದೇವರಾದ್ರೆ ಆತನಿಗೆ ಅಡ್ಡಬೀಳದೇ ಇರೋದು ತಪ್ಪು, ಅಲ್ಲ ಅಂದ್ರೆ ಅಡ್ಡಬೀಳೋದು ತಪ್ಪು. ಸ್ವಲ್ಪ ಅಡ್ಡಬೀಳೋದು ಅಂತ ಇಲ್ವಲ್ಲ.

ಓದೋ ಕ್ರಮ

ಅಪೊಸ್ತಲರ ಕೃತ್ಯಗಳಿಂದ ಶುರು ಮಾಡಿ, ಸುವಾರ್ತೆಗಳಿಂದ ಬೇಡ, ಸುವಾರ್ತೆ ನಮಗೆ ಬಾಯಿಪಾಠ ಆಗಿರೋದ್ರಿಂದ ಕಣ್ಣಿಗೆ ಹೊಸದು ಏನೂ ಬೀಳಲ್ಲ. 2ನೇ ಅಧ್ಯಾಯದಲ್ಲಿ ಯೇಸುನ ನಂಬಿದೋರು ದಿನಾ ದೇವಾಲಯಕ್ಕೆ ಹೋಗ್ತಿದ್ರು ಅಂತ ಇದೆ, ಅಂದ್ರೆ ಯೆರೂಸಲೇಮಿನ ಯಹೂದಿ ದೇವಾಲಯಕ್ಕೆ. 15ನೇ ಅಧ್ಯಾಯದಲ್ಲಿ ಪ್ರಶ್ನೆ ನಮ್ಮದಕ್ಕೆ ಪೂರ್ತಿ ಉಲ್ಟಾ ಇದೆ, ಅಲ್ಲಿ ಯಾರೂ ಯಹೂದಿ ಆದೋನು ಯೇಸುನ ನಂಬಬಹುದಾ ಅಂತ ಕೇಳ್ತಿಲ್ಲ, ಯಹೂದಿ ಅಲ್ಲದೋನು ಸುನ್ನತಿ ಇಲ್ದೇ ಯೇಸುನ ನಂಬಬಹುದಾ ಅಂತ ಕೇಳ್ತಿದಾರೆ. ಪೇತ್ರ, ಪೌಲ, ಯಾಕೋಬ ಎಲ್ಲಾ ಕೂತು ಸುನ್ನತಿ ಬೇಡ, ವಿಗ್ರಹಕ್ಕೆ ಇಟ್ಟ ಆಹಾರ, ರಕ್ತ, ಕತ್ತು ಹಿಸುಕಿ ಕೊಂದದ್ದು, ಹಾದರ ಇವಿಷ್ಟರಿಂದ ದೂರ ಇರಿ ಸಾಕು ಅಂದ್ರು. ಘಟ್ಟದ ಮೇಲೆ ಹುಟ್ಟಿದ ನಾವು ಯಹೂದಿ ಆಗದೇನೇ ಕ್ರೈಸ್ತರಾಗಿರೋದು ಆ ತೀರ್ಮಾನದಿಂದ. ಅದಾದ್ಮೇಲೆ 21ನೇ ಅಧ್ಯಾಯ ಓದಿ, ಅಲ್ಲಿ ಪೌಲನೇ ದೇವಾಲಯಕ್ಕೆ ಹೋಗಿ ಶುದ್ಧಿ ವಿಧಿ ಮಾಡಿಸ್ಕೊಳ್ತಾನೆ, ನಂಬಿಕೆ ಇಟ್ಟ ಸಾವಿರಾರು ಯಹೂದಿಗಳು ಧರ್ಮಶಾಸ್ತ್ರನ ಬಿಡದೇ ಪಾಲಿಸ್ತಿದಾರೆ ಅಂತ ಯೆರೂಸಲೇಮಿನ ಹಿರಿಯರು ಅವನಿಗೆ ಹೇಳ್ತಾರೆ.

ಅಂದ್ರೆ ಒಂದು ಕಾಲದಲ್ಲಿ ಎರಡೂ ಆಗಿರೋಕೆ ಆಗ್ತಿತ್ತು, ಇದನ್ನ ಮುಚ್ಚಿಡಬಾರ್ದು. ಕ್ರಿಸ್ತಶಕ 70ರಲ್ಲಿ ರೋಮನ್ನರು ದೇವಾಲಯ ಸುಟ್ಟ ಮೇಲೆ ಯಹೂದಿ ಧರ್ಮ ರಬ್ಬಿಗಳ ಕೈಲಿ ಹೊಸ ರೂಪ ತಗೊಳ್ತು, ಕ್ರೈಸ್ತ ಸಭೆ ಹೆಚ್ಚೆಚ್ಚು ಯಹೂದಿ ಅಲ್ಲದೋರದಾಯ್ತು, ದಾರಿಗಳು ನಿಧಾನಕ್ಕೆ ಬೇರೆಯಾದ್ವು, ಒಂದೇ ದಿನ ಒಂದೇ ಏಟಿಗೆ ಅಲ್ಲ. 386-87ರಲ್ಲಿ ಅಂತಿಯೋಕ್ಯ ಪಟ್ಟಣದಲ್ಲಿ ಜಾನ್ ಕ್ರಿಸೋಸ್ಟೋಮ್ ಅನ್ನೋ ಪಾದ್ರಿ ಸಾಲು ಸಾಲು ಪ್ರಸಂಗ ಮಾಡಿ ಬೈದಿದ್ದು ಯಾಕೆ ಅಂದ್ರೆ, ಅವನ ಚರ್ಚಿನ ಜನಾನೇ ಯಹೂದಿ ಹಬ್ಬಕ್ಕೆ ಸಿನಗಾಗಿಗೆ, ಅಂದ್ರೆ ಯಹೂದಿಗಳ ಪ್ರಾರ್ಥನಾ ಮಂದಿರಕ್ಕೆ, ಹೋಗ್ತಿದ್ರು, ಅವರ ಉಪವಾಸ ಹಿಡೀತಿದ್ರು. ಜನಸಾಮಾನ್ಯರಿಗೆ 300 ವರ್ಷ ಆದ್ಮೇಲೂ ಗೋಡೆ ಕಾಣ್ತಿರಲಿಲ್ಲ, ಗೋಡೆ ಕಟ್ಟಿದ್ದು ಗುರುಗಳು. ಆ ಪ್ರಸಂಗಗಳ ಭಾಷೆ ಯಹೂದಿಗಳ ಬಗ್ಗೆ ಎಷ್ಟು ಕ್ರೂರವಾಗಿದೆ ಅಂದ್ರೆ ಮುಂದಿನ ಶತಮಾನಗಳಲ್ಲಿ ಅವರ ಮೇಲೆ ದ್ವೇಷ ಕಾರೋರಿಗೆ ಅದೇ ಆಸರೆ ಆಯ್ತು, ಕ್ರೈಸ್ತಳಾಗಿ ನನಗೆ ಅದನ್ನ ಓದೋಕೆ ನಾಚಿಕೆ ಆಗುತ್ತೆ. ಅದೇ ಹೊತ್ತಿಗೆ ಜೆರೋಮ್ ಅನ್ನೋ ಕ್ರೈಸ್ತ ಪಂಡಿತ ಬಿಷಪ್ ಅಗಸ್ಟಿನ್‌ಗೆ ಬರೆದ ಪತ್ರದಲ್ಲಿ, ಎರಡೂ ಆಗೋಕೆ ಹೋದೋರು ಎರಡೂ ಅಲ್ಲದೇ ಹೋಗ್ತಾರೆ ಅಂದ.

ಕೃತ್ಯಗಳು ಮುಗಿದ್ಮೇಲೆ ಯೆಶಾಯ 53 ಓದಿ, ಎರಡು ಸಲ. ಮೊದಲ ಸಲ ನಾವು ಶುಭ ಶುಕ್ರವಾರ ಕೇಳೋ ಹಂಗೆ, ಕುರಿಮರಿಯ ಹಾಗೆ ವಧೆಗೆ ಹೋದವನು ಯೇಸು ಅಂತ. ಎರಡನೇ ಸಲ ಅದೇ ಯೆಶಾಯನ 41ನೇ, 49ನೇ ಅಧ್ಯಾಯ ಪಕ್ಕದಲ್ಲಿ ಇಟ್ಕೊಂಡು ಓದಿ, ಅಲ್ಲಿ ದೇವರು ನನ್ನ ಸೇವಕ ಅಂತ ಕರೆಯೋದು ಇಸ್ರಾಯೇಲನ್ನ. ರಾಶಿ ಅನ್ನೋ 11ನೇ ಶತಮಾನದ ರಬ್ಬಿ 53ನ್ನೂ ಹಂಗೇ ಓದಿದಾರೆ, ನೋವು ತಿಂದ ಸೇವಕ ಅಂದ್ರೆ ಇಡೀ ಯಹೂದಿ ಜನಾಂಗ ಅಂತ. ನಾನು ಮೊದಲನೇ ಓದನ್ನೇ ನಂಬೋಳು. ಆದ್ರೆ ಎರಡನೇದನ್ನ ಓದಿದ ಮೇಲೆ ಯಹೂದಿಗಳು ಹಠಕ್ಕೆ ಕಣ್ಣು ಮುಚ್ಕೊಂಡಿದಾರೆ ಅನ್ನೋ ಮಾತು ನನ್ನ ಬಾಯಲ್ಲಿ ಬರಲ್ಲ.

ಕೊನೆಗೆ ರೋಮಾಪುರದವರಿಗೆ ಬರೆದ ಪತ್ರ 9ರಿಂದ 11. ಪೌಲ ಅಲ್ಲಿ ಎಣ್ಣೆಮರಕ್ಕೆ ಕಾಡುಮರದ ಕೊಂಬೆ ಕಸಿ ಕಟ್ಟಿದ ಮಾತು ಹೇಳ್ತಾನೆ, ಅಪ್ಪೆಮಿಡಿ ಕಸಿ ಗಿಡ ತಂದು ನೆಟ್ಟ ನಮ್ಮೋರಿಗೆ ಇದನ್ನ ಬಿಡಿಸಿ ಹೇಳೋದೇ ಬೇಡ. ಬೇರಿಗೆ ನೀನು ಆಧಾರ ಅಲ್ಲ, ಬೇರೇ ನಿನಗೆ ಆಧಾರ, ಅದಕ್ಕೇ ಹೆಚ್ಚಳ ಪಡಬೇಡ ಅಂತ ನಮ್ಮಂಥೋರಿಗೇ ಹೇಳಿದ್ದು ಅದು.

ಈ ಕವಲಲ್ಲಿ ನಿಂತು ಬದುಕಿದೋರನ್ನ ನೋಡಿ

ಆಸ್ವಾಲ್ಡ್ ರೂಫೈಸೆನ್ ಅಂತ ಪೋಲೆಂಡಿನ ಯಹೂದಿ. ನಾಜಿಗಳ ಕಾಲದಲ್ಲಿ ಗುರುತು ಮುಚ್ಚಿಟ್ಟು ಪೊಲೀಸರ ಹತ್ರ ದುಭಾಷಿ ಕೆಲಸಕ್ಕೆ ಸೇರಿ, 1942ರಲ್ಲಿ ಮೀರ್ ಅನ್ನೋ ಊರಿನ ಯಹೂದಿಗಳಿಗೆ ಮೊದ್ಲೇ ಸುಳಿವು ಕೊಟ್ಟು ನೂರಾರು ಜನ ಕಾಡಿಗೆ ತಪ್ಪಿಸ್ಕೊಳ್ಳೋ ಹಂಗೆ ಮಾಡಿದ. ಆಮೇಲೆ ಒಂದು ಕಾನ್ವೆಂಟಲ್ಲಿ ಅಡಗಿರೋವಾಗ ಕ್ರಿಸ್ತನ ನಂಬಿ ದೀಕ್ಷಾಸ್ನಾನ ತಗೊಂಡ, ಕಾರ್ಮೆಲ್ ಸಭೆಯ ಸನ್ಯಾಸಿಯಾದ, ಬ್ರದರ್ ಡೇನಿಯಲ್ ಅನ್ನೋ ಹೆಸರು ಬಂತು. ಇಸ್ರೇಲಿಗೆ ಹೋಗಿ ನಾನು ಯಹೂದಿ, ಯಹೂದಿಗಳಿಗೆ ಇಸ್ರೇಲಿಗೆ ಬಂದು ನೆಲೆಸೋ ಹಕ್ಕು ಕೊಡೋ 1950ರ ಮರಳುವಿಕೆ ಕಾಯ್ದೆ ಪ್ರಕಾರ ನನಗೆ ಪೌರತ್ವ ಕೊಡಿ ಅಂತ ಕೇಳಿದ. 1962ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಕೊಡಲಿಲ್ಲ. ಧರ್ಮಶಾಸ್ತ್ರದ ಲೆಕ್ಕದಲ್ಲಿ ಅವನು ಯಹೂದಿ ಆಗಿರಬಹುದು, ಆದ್ರೆ ಜನ ಆಡೋ ಮಾತಲ್ಲಿ ಕ್ರೈಸ್ತ ಸನ್ಯಾಸಿನ ಯಾರೂ ಯಹೂದಿ ಅನ್ನಲ್ಲ ಅನ್ನೋ ಥರದ ತೀರ್ಪು. 1970ರಲ್ಲಿ ಕಾಯ್ದೆ ತಿದ್ದಿ, ಯಹೂದಿ ಅಂದ್ರೆ ಯಹೂದಿ ತಾಯಿಗೆ ಹುಟ್ಟಿದ ಇಲ್ಲಾ ಯಹೂದಿಯಾಗಿ ಮತಾಂತರ ಆದ, ಬೇರೆ ಧರ್ಮಕ್ಕೆ ಸೇರದೇ ಇರೋನು ಅಂತ ಬರೆದ್ರು. ಅವನು ಸಾಮಾನ್ಯ ದಾರಿಯಲ್ಲಿ ಪೌರತ್ವ ತಗೊಂಡು 1998ರಲ್ಲಿ ಸಾಯೋವರೆಗೂ ಹೈಫಾದಲ್ಲೇ ಇದ್ದ. ತನ್ನವರನ್ನ ಉಳಿಸೋಕೆ ಪ್ರಾಣ ಪಣಕ್ಕಿಟ್ಟೋನಿಗೇ ತನ್ನವರ ಕೋರ್ಟು ಹಿಂಗಂತು ಅಂದ್ರೆ ನನಗೆ ಸಂಕಟ ಆಗುತ್ತೆ, ಆದ್ರೂ ಕೋರ್ಟಿನ ಮಾತು ಸುಳ್ಳು ಅನ್ನೋಕೂ ಆಗಲ್ಲ.

ಎಡಿತ್ ಸ್ಟೈನ್ ಯಹೂದಿ ಮನೇಲಿ ಹುಟ್ಟಿ 1922ರಲ್ಲಿ ದೀಕ್ಷಾಸ್ನಾನ ತಗೊಂಡ ತತ್ವಶಾಸ್ತ್ರಜ್ಞೆ, ಆಮೇಲೆ ಸನ್ಯಾಸಿನಿ. ಹಾಲೆಂಡಿನ ಬಿಷಪ್ಪರು ನಾಜಿಗಳ ವಿರುದ್ಧ ಪತ್ರ ಓದಿಸಿದ್ದಕ್ಕೆ ಸೇಡಿಗೆ ಯಹೂದಿ ಮೂಲದ ಕ್ಯಾಥೊಲಿಕರನ್ನ ಹಿಡಿದ್ರು, 1942ರ ಆಗಸ್ಟಲ್ಲಿ ಆಶ್ವಿಟ್ಸ್‌ನಲ್ಲಿ ಕೊಂದ್ರು. ಚರ್ಚ್ ಅವರನ್ನ 1998ರಲ್ಲಿ ಸಂತರು ಅಂತ ಸಾರಿದಾಗ ಬಹಳ ಯಹೂದಿಗಳು ಬೇಜಾರು ಮಾಡ್ಕೊಂಡ್ರು, ಅವರನ್ನ ಕೊಂದಿದ್ದು ಯಹೂದಿ ಅಂತ, ಕ್ರೈಸ್ತಳು ಅಂತ ಅಲ್ವಲ್ಲ ಅಂತ. ಪ್ಯಾರಿಸ್ಸಿನ ಆರ್ಚ್‌ಬಿಷಪ್ ಲುಸ್ಟಿಜೆ ಅವರದೂ ಇಂಥದ್ದೇ ಜೀವನ, 1940ರಲ್ಲಿ ಹುಡುಗನಾಗಿದ್ದಾಗ ದೀಕ್ಷಾಸ್ನಾನ, ತಾಯಿ ಆಶ್ವಿಟ್ಸಲ್ಲಿ ಸತ್ರು, ಕೊನೆವರೆಗೂ ನಾನು ಯಹೂದಿನೇ ಅಂತಿದ್ರು, 2007ರಲ್ಲಿ ಅವರ ಶವಸಂಸ್ಕಾರದ ದಿನ ನಾತ್ರ್ ದಾಮ್ ಚರ್ಚಿನ ಮುಂದೆ ಸತ್ತೋರಿಗಾಗಿ ಯಹೂದಿಗಳು ಹೇಳೋ ಕಾದಿಶ್ ಪ್ರಾರ್ಥನೆ ಹೇಳಿದ್ರು. ಚರ್ಚಿನ ಮುಂದೆ, ಒಳಗಲ್ಲ.

ಇವತ್ತಿನ ಮೆಸ್ಸಿಯಾನಿಕ್ ಯಹೂದಿಗಳು ಅನ್ನೋರ ವಿಷಯ ಬಂದ್ರೆ ಚುಟುಕಾಗಿ ತಿಳ್ಕೊಳ್ಳಿ. ಅಮೆರಿಕದಲ್ಲಿ 1915ರಲ್ಲಿ ಹೀಬ್ರೂ ಕ್ರಿಶ್ಚಿಯನ್ ಅಲಯನ್ಸ್ ಅಂತ ಇದ್ದಿದ್ದು 1975ರಲ್ಲಿ ಮೆಸ್ಸಿಯಾನಿಕ್ ಜ್ಯೂಯಿಷ್ ಅಲಯನ್ಸ್ ಅಂತ ಹೆಸರು ಬದಲಾಯಿಸ್ಕೊಳ್ತು. ಯೇಸುನ ದೇವರು ಅಂತ ನಂಬ್ತಾರೆ, ಸಬ್ಬತ್ ಅನ್ನೋ ಶನಿವಾರದ ವಿಶ್ರಾಂತಿ ದಿನ, ಹಬ್ಬ ಎಲ್ಲಾ ಯಹೂದಿಗಳ ಹಂಗೇ ಮಾಡ್ತಾರೆ. ಇವರು ಕ್ರೈಸ್ತರು ಅಂತ ಆರ್ಥೊಡಾಕ್ಸ್, ಕನ್ಸರ್ವೇಟಿವ್, ರಿಫಾರ್ಮ್ ಮೂರೂ ಯಹೂದಿ ಪಂಗಡಗಳು ಹೇಳ್ತಾವೆ, ಬೇರೆ ವಿಷಯದಲ್ಲಿ ಒಮ್ಮತಕ್ಕೆ ಬರದ ಪಂಗಡಗಳು ಇದರಲ್ಲಿ ಒಂದಾಗಿವೆ. 1989ರಲ್ಲಿ ಇಸ್ರೇಲ್ ಕೋರ್ಟೂ ಅದನ್ನೇ ಅಂತು.

ಆಚರಣೆ ಶುರು ಮಾಡೋ ಮುಂಚೆ

ಹೊಸನಗರ ಕಡೆಯ ಒಬ್ಬ ಹುಡುಗ ಫೋನ್ ಮಾಡಿದ್ದ. "ಅಕ್ಕಾ, ನಾನು ಯೇಸುನೂ ನಂಬ್ತೀನಿ, ಶನಿವಾರ ಸಬ್ಬತ್ತೂ ಹಿಡೀತಿದೀನಿ, ಈಗ ನಾನು ಎರಡೂ ಹೌದಲ್ವಾ?" "ಶನಿವಾರ ಬೆಳಿಗ್ಗೆ ಸ್ನಾನಕ್ಕೆ ಏನು ಮಾಡ್ತೀಯಾ ತಮ್ಮಾ?" ಅಂತ ಕೇಳ್ದೆ. "ಬಚ್ಚಲ ಒಲೆಗೆ ಬೆಂಕಿ ಹಾಕ್ತೀನಿ, ಈ ಮಳೇಲಿ ತಣ್ಣೀರು ಆಗುತ್ತಾ ಅಕ್ಕಾ." ಸಬ್ಬತ್ ದಿನ ಬೆಂಕಿ ಹೊತ್ತಿಸೋದು ವಿಮೋಚನಕಾಂಡದಲ್ಲೇ ನಿಷೇಧ. ರಬ್ಬಿಗಳು 39 ಬಗೆಯ ಕೆಲಸ ಪಟ್ಟಿ ಮಾಡಿದಾರೆ, ಶುಕ್ರವಾರ ಸೂರ್ಯ ಮುಳುಗೋಕೆ ಮುಂಚೆಯಿಂದ ಶನಿವಾರ ರಾತ್ರಿ ಮೂರು ನಕ್ಷತ್ರ ಕಾಣೋ ಹೊತ್ತಿನವರೆಗೆ ಅವು ಯಾವುದೂ ಇಲ್ಲ, ಆಗುಂಬೆಯಂಥ ಊರಲ್ಲಿ ಆಷಾಢದಲ್ಲಿ ನಕ್ಷತ್ರ ಎಲ್ಲಿ ಕಾಣುತ್ತೆ ಅಂದ್ರೆ ಅವರು ಗಡಿಯಾರದ ಲೆಕ್ಕ ಇಟ್ಕೊಂಡಿದಾರೆ. ಇದೆಲ್ಲಾ ಅವನಿಗೆ ಹೇಳಿದ್ದು ಹೆದರಿಸೋಕಲ್ಲ. ಶನಿವಾರ ವಿಶ್ರಾಂತಿ ತಗೊಂಡು ಪ್ರಾರ್ಥನೆ ಮಾಡೋದು ಒಳ್ಳೇದೇ, ಸೆವೆಂತ್ ಡೇ ಅಡ್ವೆಂಟಿಸ್ಟ್ ಸಭೆಯವರು ಶನಿವಾರಾನೇ ಆರಾಧನೆ ಮಾಡ್ತಾರೆ, ಆದ್ರೆ ಅವರು ಕ್ರೈಸ್ತರೇ, ಯಹೂದಿ ಅಂತ ಹೇಳ್ಕೊಳ್ಳಲ್ಲ. ದಿನ ಬದಲಾಯಿಸಿದ್ರೆ ಜನಾಂಗ ಬದಲಾಗಲ್ಲ ತಮ್ಮಾ ಅಂದೆ. ಇನ್ನೊಂದು ಮಾತೂ ಹೇಳ್ದೆ, ಯಹೂದಿ ಧರ್ಮ ನಿನ್ನನ್ನ ಯಹೂದಿ ಆಗು ಅಂತ ಕೇಳ್ತಾನೇ ಇಲ್ಲ, ನೋಹನ ಸಂತತಿಗೆ ಕೊಟ್ಟ ಏಳು ಆಜ್ಞೆ ಪಾಲಿಸೋ ಬೇರೆ ಜನರಿಗೂ ಮುಂದಿನ ಲೋಕದಲ್ಲಿ ಪಾಲಿದೆ ಅನ್ನುತ್ತೆ.

ಐಗುಪ್ತದ ಗುಲಾಮಗಿರಿಯಿಂದ ಬಿಡುಗಡೆ ಆಗಿದ್ದನ್ನ ಯಹೂದಿಗಳು ನೆನೆಯೋ ಪಸ್ಕ ಹಬ್ಬದ ಊಟನ ಚರ್ಚಲ್ಲಿ ನಾವೇ ಮಾಡೋಣ ಅಂತ ಹೊರಟ್ರೆ ನನ್ನ ಸಲಹೆ, ಬೇಡ. ಇವತ್ತು ಯಹೂದಿಗಳು ಮನೇಲಿ ಮಾಡೋ ಸೇಡರ್ ಊಟದ ಕ್ರಮ ಬಹುಪಾಲು ದೇವಾಲಯ ನಾಶ ಆದ್ಮೇಲೆ ರಬ್ಬಿಗಳು ರೂಪಿಸಿದ್ದು, ಯೇಸು ಕಡೆ ರಾತ್ರಿ ಇದನ್ನೇ ಮಾಡಿದ್ರು ಅನ್ನೋದು ಸರಿಯಲ್ಲ. ಅದಕ್ಕಿಂತ ಹೆಚ್ಚಾಗಿ, ಯೂರೋಪಲ್ಲಿ ಶತಮಾನಗಟ್ಟಲೆ ಪಸ್ಕ ಈಸ್ಟರ್ ಸಮಯದಲ್ಲೇ ಯಹೂದಿಗಳ ಮೇಲೆ ಸುಳ್ಳು ಆರೋಪ ಹೊರಿಸಿ ಹಲ್ಲೆ ಮಾಡ್ತಿದ್ರು, ಅದೇ ಹಬ್ಬನ ಎತ್ಕೊಂಡು ನಮ್ಮದು ಅಂತ ಮಾಡಿದ್ರೆ ಅವರಿಗೆ ಹೇಗನ್ನಿಸಬೇಡ. ಯಹೂದಿ ಸ್ನೇಹಿತರು ಕರೆದ್ರೆ ಖಂಡಿತ ಹೋಗಿ. ಇಲ್ಲಾಂದ್ರೆ ಶಿವಮೊಗ್ಗ ಸೇಕ್ರೆಡ್ ಹಾರ್ಟ್ ಚರ್ಚಿಗೆ ಪವಿತ್ರ ಗುರುವಾರ ಸಂಜೆ ಹೋಗಿ ಕೂತ್ಕೊಳ್ಳಿ, ಆ ಪೂಜೆಯ ಮೊದಲ ಪಾಠಾನೇ ವಿಮೋಚನಕಾಂಡ 12, ಪಸ್ಕದ ಕುರಿಮರಿ ಕಥೆ. ನಮ್ಮ ಬೇರು ನಮ್ಮ ಪೂಜೇಲೇ ಇದೆ.

ವಂಶದ ಬಗ್ಗೆ ವಿಡಿಯೋ ನೋಡಿ ನಾವು ಕಳೆದುಹೋದ ಹತ್ತು ಕುಲದೋರು ಅಂತ ಯಾರಾದ್ರೂ ದುಡ್ಡು ಕೇಳಿದ್ರೆ ಕೊಡಬೇಡಿ, ಅಷ್ಟೇ.

ನಮ್ಮ ನೆಲದ ಯಹೂದಿಗಳ ಬಗ್ಗೆ ಮೊದ್ಲು ತಿಳ್ಕೊಳ್ಳಿ

ಇಸ್ರೇಲ್ ವಿಡಿಯೋಗಿಂತ ಇದು ಹತ್ತಿರದ ಪಾಠ. ಕೊಂಕಣ ತೀರದ ಬೆನೆ ಇಸ್ರೇಲ್ ಜನ ಗಾಣದ ಕೆಲಸ ಮಾಡ್ಕೊಂಡು ಬಂದೋರು, ಶನಿವಾರ ಗಾಣ ನಿಲ್ಲಿಸ್ತಿದ್ದಕ್ಕೆ ಸುತ್ತಲಿನೋರು ಅವರನ್ನ ಶನಿವಾರ ತೇಲಿ ಅಂತಿದ್ರು. 19ನೇ ಶತಮಾನದಲ್ಲಿ ಮುಂಬೈಯಲ್ಲಿ ಜಾನ್ ವಿಲ್ಸನ್ ಥರದ ಸ್ಕಾಟಿಷ್ ಮಿಷನರಿಗಳು ಅವರಿಗೆ ಶಾಲೆ ತೆಗೆದು ಹೀಬ್ರೂ ಕಲಿಸಿದ್ರು, ಮರಾಠಿಯಲ್ಲಿ ಹಳೇ ಒಡಂಬಡಿಕೆ ಓದಿಸಿದ್ರು, ಕ್ರೈಸ್ತರಾಗ್ತಾರೆ ಅನ್ನೋ ನಿರೀಕ್ಷೆ ಇತ್ತು. ಅವರು ವಿದ್ಯೆ ತಗೊಂಡ್ರು, ಹೀಬ್ರೂ ತಗೊಂಡ್ರು, ಕೆಲವೇ ಕೆಲವರನ್ನ ಬಿಟ್ರೆ ಯಹೂದಿಗಳಾಗೇ ಉಳಿದ್ರು, ಅವರ ಯಹೂದಿತನ ಇನ್ನೂ ಗಟ್ಟಿ ಆಯ್ತು. ಇವರ ಮನೇಲಿ ಹರಕೆ ತೀರಿಸೋವಾಗ ಮಲೀದಾ ಮಾಡ್ತಾರೆ, ನೆನೆಸಿದ ಅವಲಕ್ಕಿಗೆ ತೆಂಗಿನತುರಿ, ಸಿಹಿ, ಖರ್ಜೂರ ಹಾಕಿ ಕಲಸಿ, ಸುತ್ತ ಹಣ್ಣು ಇಟ್ಟು, ಪ್ರವಾದಿ ಎಲೀಯನ ನೆನೆದು ಹೀಬ್ರೂನಲ್ಲಿ ಪ್ರಾರ್ಥನೆ ಹೇಳಿ ಎಲ್ಲರಿಗೂ ಹಂಚ್ತಾರೆ. ತಿನ್ನೋದು ನಮ್ಮ ಅವಲಕ್ಕಿ, ಪ್ರಾರ್ಥನೆ ಅವರದು, ಅದಕ್ಕೆ ಇನ್ನೊಬ್ಬರ ನಂಬಿಕೆ ಬೆರೆಸಬೇಕು ಅಂತ ಅವರಿಗೆ ಅನ್ನಿಸೇ ಇಲ್ಲ.

ಹೋಗಿ ನೋಡೋ ಆಸೆ ಇದ್ರೆ ಕೊಚ್ಚಿಯ ಮಟ್ಟಾಂಚೇರಿಯಲ್ಲಿ 1568ರ ಪರದೇಸಿ ಸಿನಗಾಗ್ ಇದೆ. ಅಲ್ಲಿನ ಜನ ಹೆಚ್ಚುಕಮ್ಮಿ ಎಲ್ಲಾ ಇಸ್ರೇಲಿಗೆ ಹೋಗಿಬಿಟ್ಟಿದಾರೆ, ಆದ್ರೂ ಅದು ಮ್ಯೂಸಿಯಂ ಅಲ್ಲ, ಪ್ರಾರ್ಥನೆಯ ಜಾಗ. ಶುಕ್ರವಾರ, ಶನಿವಾರ ಮತ್ತೆ ಅವರ ಹಬ್ಬದ ದಿನ ನೋಡೋಕೆ ಬಂದೋರನ್ನ ಬಿಡಲ್ಲ, ಹಂಗಾಗಿ ಭಾನುವಾರದಿಂದ ಗುರುವಾರದೊಳಗೆ ಹೋಗಿ. ಭುಜ ಮಂಡಿ ಮುಚ್ಚೋ ಬಟ್ಟೆ ಹಾಕ್ಕೊಳ್ಳಿ, ಚಪ್ಪಲಿ ಹೊರಗೆ ಬಿಡಿ. ಒಳಗೆ ಯಾರಾದ್ರೂ ಮಾತಿಗೆ ಸಿಕ್ರೆ ಯೇಸುನ ಯಾಕೆ ನಂಬಲ್ಲ ಅಂತ ಶುರು ಮಾಡಬೇಡಿ, ನಿಮ್ಮ ಹಬ್ಬ ಹೇಗೆ ಮಾಡ್ತೀರಿ, ಮಕ್ಕಳಿಗೆ ಏನು ಕಲಿಸ್ತೀರಿ ಅಂತ ಕೇಳಿ, ಅವರು ಹೇಳೋದನ್ನ ಪೂರ್ತಿ ಕೇಳಿಸ್ಕೊಂಡು ಬನ್ನಿ.